ದೊರೆಗಳ ಎಡಮೀಸೆ

“ಪ್ರಜೆಗಳು ಎದೆ ಗಟ್ಟಿಮಾಡಿಕೊಂಡು ಕೇಳಬೇಕು! ದೊರೆ ದುಗ್ಗಭೂಪರ ಎಡಮೀಸೆ ಈ ಬೆಳಿಗ್ಗೆಯಿಂದ ಬಲಮೀಸೆಗಿಂತ ಒಂದು ಬೆರಳು ಗಿಡ್ಡವಾಗಿದೆ!”

ಹೊನ್ನಗುಂಡಿಯ ಬೀದಿಬೀದಿಯಲ್ಲಿ ಡಂಗುರ ಮೊಳಗಿತು. ಹಿಂದಿನ ವರ್ಷ ಗಡಿಯ ಎರಡು ಹಳ್ಳಿ ಕೈತಪ್ಪಿದಾಗ ಡಂಗುರದವನಿಗೆ ರಜೆ ಕೊಟ್ಟಿದ್ದರು.

ಸಾರಿದ್ದು ಇನ್ನೂ ಇತ್ತು. ದೊರೆಗಳು ಮೂರು ಒಗಟು ಹಾಕುತ್ತಾರೆ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ಎಡಮೀಸೆಯನ್ನು ದೊರೆಗಳ ಅಳತೆಗೇ ಕತ್ತರಿಸಲಾಗುತ್ತದೆ. ಅಪರಾಧಿ ಕ್ಷೌರಿಕ ಕೊಟ್ರನೂ ಉತ್ತರ ಹೇಳಬಹುದು. ಅವನು ತಪ್ಪಿದರೆ ಹೋಗುವುದು ತಲೆ.

ಕೊಟ್ರನ ಅಪರಾಧ ಇಷ್ಟೇ. ಕ್ಷೌರಕ್ಕೆ ಕೂತಾಗ ದೊರೆಗಳ ಎಡಗೆನ್ನೆಯಲ್ಲಿ ಎಲೆಯಡಿಕೆ ತುಂಬಿತ್ತು. ಉಬ್ಬಿದ ಕೆನ್ನೆಯ ಮೇಲೆ ಮೀಸೆ ಉದ್ದ ಕಂಡಿತು. ಅವನು ಸಮ ಮಾಡಿದ. ದೊರೆಗಳು ಉಗುಳಿದರು. ಕೆನ್ನೆ ಒಳಗೆ ಹೋಯಿತು, ಮೀಸೆಯೂ.

ಸಭೆ ತುಂಬಿತು. ದೊರೆಗಳು ಕೇಳಿದರು: “ಯಾರು ಹೇಳಿದರೆ ನಾವು ಮರುಮಾತಿಲ್ಲದೆ ತಲೆ ಬಗ್ಗಿಸುತ್ತೇವೆ?”

“ಅಂಥವರು ಹುಟ್ಟೇ ಇಲ್ಲ ಪ್ರಭು!” ಎಂದರು ಮಂತ್ರಿ ಪದ್ಮಣಯ್ಯ.

“ಹೊಗಳಿಕೆ ಸರಿ, ಉತ್ತರ ತಪ್ಪು.”

“ಮಹಾರಾಣಿಯವರು,” ಎಂದಿತು ಹಿಂದಿನ ಸಾಲಿನ ಒಂದು ದನಿ.

ದೊರೆಗಳು ರಾಣಿಯ ಕಡೆ ನೋಡಿ, “ಅದೂ ತಪ್ಪು,” ಎಂದರು.

ಊರಿಗೆಲ್ಲ ಕ್ಷೌರಿಕ ಒಬ್ಬನೇ ಆದ್ದರಿಂದ ಸೋತವರ ಮೀಸೆಗೂ ಕೊಟ್ರನೇ ಕತ್ತರಿ ಹಿಡಿಯಬೇಕಾಯಿತು. ಹದಿನೇಳು ಮೀಸೆ ಮುಗಿಸಿ ಅವನೆಂದ: “ನಾನೇ, ಬುದ್ಧಿ. ಬಗ್ಗಿ ಅಂದರೆ ಬಗ್ಗುತ್ತೀರಿ, ಅಲ್ಲಾಡಬೇಡಿ ಅಂದರೆ ಅಲ್ಲಾಡುವುದಿಲ್ಲ.”

“ಹೂಂ, ಸರಿ. ಎರಡನೆಯದು: ನಮ್ಮ ಸೈನ್ಯವೇ ಹೋದರೂ ತರಲಾಗದ್ದು, ನಾವು ಸುಮ್ಮನೆ ಕೂತರೆ ತಾನೇ ಬರುವುದು ಯಾವುದು?”

“ನಿದ್ದೆ!” ಎಂದರು ಸೇನಾಪತಿ, ಅನುಭವದಿಂದ.

“ಈ ಮೀಸೆ ಇಟ್ಟುಕೊಂಡು ನಮಗೆಲ್ಲಿಯ ನಿದ್ದೆ? ಕತ್ತರಿಸೋ!”

ಇನ್ನೂ ಇಪ್ಪತ್ತು ಮೀಸೆ ಇಳಿದವು. ಕೊಟ್ರ ಬೆವರು ಒರೆಸಿಕೊಂಡ. “ಹೋದ ಮೀಸೆ, ಬುದ್ಧಿ. ಕಾದರೆ ಬರುತ್ತದೆ.”

“ಸರಿ, ಆದರೆ ನಾವು ಕಾಯುವುದಿಲ್ಲ. ಮೂರನೆಯದು: ಒಂದು ಕೂದಲು ಕತ್ತರಿಸದೆ, ಒಂದು ಕೂದಲು ಸೇರಿಸದೆ, ನಮ್ಮ ಮೀಸೆಯನ್ನು ಈಗಲೇ ಸರಿಮಾಡುವುದು ಹೇಗೆ?”

“ಕನ್ನಡಿ ಒಡೆಯಬೇಕು,” ಎಂದು ಆಸ್ಥಾನಕವಿ ತನ್ನದನ್ನೂ ಕಳೆದುಕೊಂಡ. ಉಳಿದವರೂ ಒಬ್ಬೊಬ್ಬರಾಗಿ ಕತ್ತರಿಗೆ ಮುಖ ಕೊಟ್ಟರು. ಕೊನೆಗೆ ಕಾವಲಿನವನು ಕೊಟ್ರನ ಹಿಂದೆ ಬಂದು ನಿಂತು, ಅವನ ಕತ್ತನ್ನು ಕಣ್ಣಲ್ಲೇ ಅಳೆದ.

“ಆಗಲೇ ಸರಿಯಾಗಿದೆ, ಬುದ್ಧಿ,” ಎಂದ ಕೊಟ್ರ. “ಒಮ್ಮೆ ಸಭೆ ನೋಡಿ.”

ದೊರೆಗಳು ನೋಡಿದರು. ಮಂತ್ರಿ, ಸೇನಾಪತಿ, ಕವಿ, ಕಡೆಯ ಸಾಲಿನ ಪಟೇಲರವರೆಗೆ ಎಲ್ಲರ ಎಡಮೀಸೆಯೂ ಬಲದ್ದಕ್ಕಿಂತ ಒಂದು ಬೆರಳು ಗಿಡ್ಡ.

“ಪರಊರಿನವರು ನಾಳೆ ಬಂದರೆ, ಹೊನ್ನಗುಂಡಿ ಮೀಸೆ ಅಂದರೆ ಹೀಗೇ ಅಂದುಕೊಳ್ಳುತ್ತಾರೆ,” ಎಂದ ಕೊಟ್ರ.

ಮೊದಲು ನಕ್ಕವರು ರಾಣಿ. ಆಮೇಲೆ ದೊರೆಗಳು. ಆಮೇಲೆ, ಅಪ್ಪಣೆಯಾಯಿತೆಂದುಕೊಂಡು, ಸಭೆ.

“ಏನು ಬೇಕೋ ಕೇಳೋ!”

“ಕ್ಷೌರಕ್ಕೆ ಕೂರುವ ಮುಂಚೆ ಎಲೆಯಡಿಕೆ ಉಗುಳಬೇಕು, ಬುದ್ಧಿ.”

ಅದನ್ನು ಕೊಟ್ಟರು. ಜೊತೆಗೆ ಅರಮನೆಯ ಕೆಲಸವನ್ನೂ, ಬೆಟ್ಟದ ಕೆಳಗಿನ ನಾಲ್ಕು ಎಕರೆಯನ್ನೂ.

ಐದು ವಾರಕ್ಕೆ ದೊರೆಗಳ ಎಡಮೀಸೆ ಪೂರ್ತಿ ಬೆಳೆಯಿತು. ಸಂಪ್ರದಾಯದ ಪ್ರಕಾರ ಕೊಟ್ರ ಅದನ್ನು ಒಂದು ಬೆರಳು ಕತ್ತರಿಸಿದ.