ಇರುವೆ ಮೊಟ್ಟೆ ಹೊತ್ತು ಗೋಡೆ ಹತ್ತುವುದು ಯಾಕೆ

"ಮಳಿ ಬಂದ್ರ ಹುಡುಗ್ಯಾರು ಹಗೇವಿನ್ಯಾಗ ಇಳೀತಾವ. ಇಳೀಗೊಡಬ್ಯಾಡ್ರಿ."

ಬರಮಣ್ಣನ ಹೆಂಡತಿ ಸಂಕವ್ವ ಕಡೆಗೆ ಅಂದದ್ದು ಇಷ್ಟೇ. ಅಷ್ಟು ಹೇಳಿ ಕಣ್ಣು ಮುಚ್ಚಿದಳು.

ಲೋಕ ಆಗ ಹೊಸದು. ಮಣ್ಣು ಇನ್ನೂ ಆರಿರಲಿಲ್ಲ. ಮಳೆಗೆ ಗುಡುಗು ಇರಲಿಲ್ಲ, ಮಿಂಚು ಇರಲಿಲ್ಲ. ಸದ್ದಿಲ್ಲದೆ ಬಂದು ಮೈಮೇಲೆ ಬೀಳುತ್ತಿತ್ತು. ಎಲ್ಲರಿಗೂ ಅದರ ಹೆದರಿಕೆ.

ಹೆದರಿದವರೆಲ್ಲ ಕೆಳಗೆ ಇಳಿಯುತ್ತಿದ್ದರು. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಗೂಡಿನ ತಳಕ್ಕೆ ಇಳಿಯುತ್ತಿದ್ದವು. ಬರಮಣ್ಣನ ಹೆಣ್ಣುಮಕ್ಕಳು ಹೊನ್ನಿ, ಕೆಂಚಿ ಅಂಗಳದ ಹಗೇವಿಗೆ ಇಳಿಯುತ್ತಿದ್ದರು. ಹಗೇವು ಅಂದರೆ ಜೋಳ ತುಂಬಿಡುವ ನೆಲದ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮಳೆಗಾಲಕ್ಕೆ ಬರಿದು, ಒಳಗೆ ಕತ್ತಲೆ. ನೀರು ನುಗ್ಗಿದರೆ ಹೊರಗೆ ಬರಲಾಗದು.

ಸಂಕವ್ವ ಇದ್ದಾಗ ಗಾಳಿಯೇ ಬಂದು ಅವಳಿಗೆ ಮಳೆಯ ಸುದ್ದಿ ಹೇಳುತ್ತಿತ್ತು. ಅವಳು ಹುಡುಗಿಯರ ರಟ್ಟೆ ಹಿಡಿದು ಅಟ್ಟಕ್ಕೆ ಹತ್ತಿಸುತ್ತಿದ್ದಳು. ಈಗ ಅವಳಿಲ್ಲ. ಬರಮಣ್ಣ ಹೊಲಕ್ಕೆ ಹೋದರೆ ಮನೆಯಲ್ಲಿ ಆ ಇಬ್ಬರೇ.

"ಹಗೇವಿಗೆ ಯಾಕ ಇಳೀತೀರಿ?" ಅಂತ ಒಂದು ದಿನ ಬರಮಣ್ಣ ಮಕ್ಕಳನ್ನು ಕೇಳಿದ.

"ಅಲ್ಲಿದ್ರ ಮಳಿಗೆ ನಾವು ಕಾಣಂಗಿಲ್ಲಪ್ಪ," ಅಂದಳು ಸಣ್ಣಾಕಿ ಕೆಂಚಿ.

ಬ್ಯಾಡ ಅಂದ. ಹೂಂ ಅಂದರು. ಒಂದು ಎಲೆ ಅಲುಗಿತು, ಇಬ್ಬರೂ ಹಗೇವಿನ ಕಡೆ ಓಡಿದರು. ಬಾಯಿಗೆ ಕಲ್ಲು ಮುಚ್ಚಿದ. ಹೆದರಿದ ಕೈಗೆ ಕಲ್ಲು ಹಗುರ. ಸರಿಸಿಬಿಟ್ಟರು.

ಮಾತಿನಿಂದ ಆಗಲಿಲ್ಲ. ಅವನಿಗೆ ಹೆಚ್ಚು ಮಾತು ಬರುತ್ತಲೂ ಇರಲಿಲ್ಲ.

ಗೋಡೆ ಸಾರಿಸಿ ಸುಣ್ಣದಲ್ಲಿ ಚಿತ್ರ ಬರೆಯುವುದು ಹೆಂಗಸರ ಕೆಲಸ. ಅವನೇ ಸುಣ್ಣ ಕಲಸಿದ. ಅಟ್ಟದ ಏಣಿಯ ಪಕ್ಕದ ಗೋಡೆಗೆ, ಮಕ್ಕಳಿಗೆ ಕಾಣುವಂತೆ, ಮಳೆಯ ಗುರುತುಗಳನ್ನು ಬರೆದ. ಕಪ್ಪೆ. ತಗ್ಗಿ ಹಾರುವ ಹಕ್ಕಿ. ಬಿತ್ತುವ ಕೂರಿಗೆ. ಒಂದೊಂದನ್ನೂ ಮುಟ್ಟಿಸಿ, ಅವ್ವ ಹೇಳುತ್ತಿದ್ದ ಮಾತನ್ನು ಬಾಯಿಪಾಠ ಮಾಡಿಸಿದ. ಮಳೆ ಯಾವಾಗ, ಬಿತ್ತನೆ ಯಾವಾಗ ಅಂತ.

"ಇದೇನಪ್ಪ, ರೊಟ್ಟಿಗೆ ಕಾಲು ಬಂದಾವ!" ಅಂದಳು ಹೊನ್ನಿ.

"ಕಪ್ಪಿ ಅದು."

"ಅವ್ವ ಬರದ ಕಪ್ಪಿ ಜಿಗೀತಿತ್ತು. ನಿಂದು ಕುಂತೈತಿ."

"ದಣದೈತಿ ಬಿಡು."

ಕಡೆಗೆ ಇರುವೆ ಸಾಲು. ಅದು ಕೆಳಗೆ ಇಳಿಯುವಂತೆ ಬರೆಯಬೇಕಿತ್ತು. ಆದರೆ ಅವನು ಬಿತ್ತುವವನು. ಸಾಲು ಅಂದರೆ ಕಾಲಬುಡದಿಂದ ಹಿಡಿದು ದೂರಕ್ಕೆ ಹೋಗುವುದು, ಅಷ್ಟೇ ಅವನಿಗೆ ಗೊತ್ತು. ನೆಲದಿಂದ ಚುಕ್ಕಿ ಇಡುತ್ತ ಹೋದ. ಸಾಲು ಅಟ್ಟ ಮುಟ್ಟಿತು.

"ಇರುವಿ ಕೆಳಗ ಹೋಗತಾವಪ್ಪ. ನೀ ಅಟ್ಟಕ್ಕ ಹತ್ತಿಸೀಯಲ್ಲ!" ಇಬ್ಬರೂ ನಕ್ಕರು.

"ತಪ್ಪಾತು. ಸಂಜಿಗೆ ಅಳಸ್ತೀನಿ," ಅಂದು ಹೊಲಕ್ಕೆ ಹೋದ.

ಮಧ್ಯಾಹ್ನ ಗಾಳಿ ಹೊಸ್ತಿಲಿಗೆ ಬಂತು.

"ಸಂಕವ್ವಾ, ಮಳಿ ಬಂತು," ಅಂತು.

ಅವಳು ಸತ್ತದ್ದು ಗಾಳಿಗೆ ಗೊತ್ತಿರಲಿಲ್ಲ.

"ಸಂಕವ್ವಾ," ಅಂತ ಮತ್ತೆ ಕರೆಯಿತು. ಬಾಗಿಲು ಬಡಿಯಿತು. ಮನೆ ಕತ್ತಲಾಯಿತು.

ಗೋಡೆಯ ಬುಡದಲ್ಲಿ ತಾಯಿ ಇರುವೆ ನಡುಗಿತು. "ಇಳೀರಿ, ಇಳೀರಿ," ಅಂತು. ಮರಿಗಳು ಇಳಿಯಲಿಲ್ಲ.

"ನಮ್ಮ ಮಂದಿ ಆಗಲೇ ಮ್ಯಾಲ ಹೊಂಟಾರಲ್ಲವ್ವ!"

"ಅವು ಸುಣ್ಣದ ಇರುವಿ, ಮಳ್ಳಗೋಳ," ಅಂತ ಹಲ್ಲಿ ಲೊಚಗುಟ್ಟಿತು.

ಅಷ್ಟರಲ್ಲಿ ಗೂಡಿನ ತಳದಲ್ಲಿ ನೀರು ಬುಳಕ್ ಅಂತು. ತಾಯಿ ಇರುವೆ ಒಂದು ಮೊಟ್ಟೆ ಕಚ್ಚಿಕೊಂಡು, ಸುಣ್ಣದ ಚುಕ್ಕಿಗಳ ಹಿಂದೆ ಗೋಡೆ ಹತ್ತಿತು. ಅದರ ಹಿಂದೆ ಎಲ್ಲ ಹತ್ತಿದವು.

ಬರಮಣ್ಣ ಹೊಲದಿಂದ ಓಡಿ ಬಂದ. ಅಂಗಳ ತುಂಬ ನೀರು. ಹಗೇವಿನ ಕಲ್ಲು ಸರಿದಿತ್ತು. ಬಾಯಿತನಕ ಕರಿ ನೀರು ನಿಂತಿತ್ತು.

ಬೋರಲು ಬಿದ್ದು ತೋಳು ಇಳಿಬಿಟ್ಟ. ಹೆಗಲತನಕ ಬಿಟ್ಟ. ಕೈಗೆ ನೀರೇ ಸಿಕ್ಕಿತು.

"ಹೊನ್ನೀ! ಕೆಂಚೀ!"

ಮತ್ತೆ ಕೈ ಆಡಿಸಿದ. ಮತ್ತೆ ನೀರೇ.

"ಅಪ್ಪಾ, ಅಲ್ಲೇನ ಹುಡುಕಾಕತ್ತೀ?"

ತಲೆ ಎತ್ತಿದ. ಅಟ್ಟದ ಕಿಂಡಿಯಲ್ಲಿ ಎರಡು ಮುಖ.

"ಕಲ್ಲು ಸರಿಸಿದ್ವಿ," ಅಂದಳು ಹೊನ್ನಿ. "ಇಳೀಬೇಕು ಅನ್ನೂದ್ರಾಗ ಕೆಂಚಿ ಹೊಳ್ಳಿ ಮನಿಯೊಳಗ ನೋಡಿದ್ಲು. ಖರೇ ಇರುವಿ ಮ್ಯಾಲ ಹೊಂಟಿದ್ವು. ಅವಕ್ಕ ಏನರ ಗೊತ್ತಿರಬೇಕು ಅಂತ ನಾವೂ ಹತ್ತಿದ್ವಿ."

ಬರಮಣ್ಣ ನೀರಿನಲ್ಲೇ ಕುಂತ.

ಆ ಸುಣ್ಣ ಎಂದೋ ಉದುರಿತು. ಇರುವೆಗಳು ದಾರಿ ಮರೆಯಲಿಲ್ಲ. ಮೋಡ ಕಪ್ಪಾದಾಗ ನಿಮ್ಮ ಮನೆ ಗೋಡೆ ನೋಡು ಕೂಸೆ. ಬಾಯಲ್ಲಿ ಬಿಳಿ ಮೊಟ್ಟೆ ಕಚ್ಚಿಕೊಂಡು, ಸಾಲು ಹಿಡಿದು, ಮೇಲೆ ಮೇಲೆ ಹೋಗುತ್ತಿರುತ್ತವೆ.

ಆ ಮಳೆಯ ಮರುದಿನ ಬೆಳಿಗ್ಗೆ ಬರಮಣ್ಣ, ಇನ್ನು ಹಗೇವು ಬ್ಯಾಡ ಅಂತ, ಮನೆಯಲ್ಲಿದ್ದ ಬೀಜದ ಜೋಳವನ್ನು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ಏಣಿ ಹತ್ತಿದ. ಗೋಡೆಯ ಮೇಲೆ ಇರುವೆಗಳಿದ್ದವು, ಅದಕ್ಕೆ ಗೋಡೆಗೆ ಕೈ ಊರಲಿಲ್ಲ.