ಬಂಡೆಯ ಮೇಲಿನ ಬೆಳ್ಳಿ ಗೆರೆ

ಮಕ್ಕಳೇ, ಕಾಡಿನ ನಡುವೆ ಒಂದು ಕೊಳ. ಕೊಳದ ದಡದಲ್ಲಿ ಒಂದು ಕರಿ ಬಂಡೆ. ಆ ಬಂಡೆಯ ಮೇಲೆ ನಾಜೂಕಿ ಎಂಬ ಬಸವನಹುಳು ದಿನಾ ಬೆಳಗಿನ ಜಾವ ಬರೆಯುತ್ತಿದ್ದಳು. ಮಸಿ ಬೇಡ, ಲೇಖನಿ ಬೇಡ. ಅವಳು ತೆವಳಿದಲ್ಲೆಲ್ಲ ಬೆಳ್ಳಿಯಂಥ ಗೆರೆ ಮೂಡುತ್ತಿತ್ತು. ಹಾದುಹೋಗುವ ಯಾರು ಬೇಕಾದರೂ ಓದಬಹುದಿತ್ತು.

ಏನು ಬರೆಯುತ್ತಿದ್ದಳು ಅನ್ನುತ್ತೀರಾ? "ಇವತ್ತು ನಾನು ಎಳೆ ಚಿಗುರು ತಿಂದೆ." "ನನ್ನ ಚಿಪ್ಪು ಎಷ್ಟು ಚೆಂದ!" "ನನಗೆ ನಿನ್ನೆ ಶೀತವಾಗಿತ್ತು." ಬರೀ ನಾನು, ನನ್ನ, ನನಗೆ!

ಆದರೆ ಓದುವವರೇ ಇಲ್ಲ. ಎಲ್ಲರೂ ಬಂಡೆಯನ್ನು ದಾಟಿ, ಪಕ್ಕದ ಏಡಜ್ಜನ ಬಿಲದ ಮುಂದೆ ಹೋಗಿ ನಿಲ್ಲುತ್ತಿದ್ದರು. ಆ ಮುದಿ ಏಡಿಯ ಬಾಗಿಲಲ್ಲಿ ಇದ್ದುದಾದರೂ ಏನು? ಬಿಲ ತೋಡಿ ಹೊರಗೆ ಹಾಕಿದ ಕೆಸರುಂಡೆಗಳು, ಅಷ್ಟೇ!

"ನನ್ನ ಬೆಳ್ಳಿ ಬರಹ ಬಿಟ್ಟು ಆ ಕೆಸರಿನಲ್ಲಿ ಏನು ನೋಡುತ್ತಾರಪ್ಪಾ?" ಎಂದು ನಾಜೂಕಿಗೆ ಆಶ್ಚರ್ಯ. ಹೋಗಿ ಕೇಳೋಣವೆಂದರೆ ಬಿಂಕ. ಕೊಳಕ್ಕೆ ಬಂದಾಗಿನಿಂದ ಅವಳು ಯಾರ ಮನೆಗೂ ಹೋದವಳಲ್ಲ, ಯಾರ ಸುದ್ದಿಯನ್ನೂ ಕೇಳಿದವಳಲ್ಲ.

ಬಿಸಿಲೇರಿದ ಮೇಲೆ ಅವಳು ಕೇದಗೆ ಪೊದೆಯ ಬೇರಿನಡಿ ಮಲಗುತ್ತಿದ್ದಳು. ಒಂದು ದಿನ ಹಾಗೆ ಮಲಗಿದ್ದಾಗ ಬಂಡೆಯ ಕಡೆಯಿಂದ ಗಡಸು ದನಿಯೊಂದು ಕೇಳಿಸಿತು. ಅಲ್ಲಿ ಕೆಂಬೂತ ಹಕ್ಕಿ ಕುಳಿತಿತ್ತು.

"ಆಹಾ, ಎಂಥ ಬರಹ! ಇದನ್ನು ಬರೆದ ತಾಯಿ ಯಾರೋ? ಬಂಡೆ ಇಳಿದ ಮೇಲೆ ತರಗೆಲೆಯಲ್ಲಿ ಗೆರೆ ಕಾಣುವುದೇ ಇಲ್ಲವಲ್ಲ! ಮನೆಯ ದಾರಿ ಗೊತ್ತಿದ್ದರೆ ಬಂದು ಮಾತಾಡಿಸುತ್ತಿದ್ದೆ."

ನಾಜೂಕಿ ಉಬ್ಬಿಹೋದಳು. ಅಂತೂ ಒಬ್ಬ ಓದುಗ ಸಿಕ್ಕಿದನಲ್ಲ! ಮರುದಿನ ಕತ್ತಲು ಹರಿಯುವ ಮೊದಲೇ ಬಂಡೆಯಿಂದ ತನ್ನ ಬೇರಿನ ತನಕ, ಎಲೆಯ ಮೇಲೂ ಕಾಣುವಂತೆ ದಪ್ಪ ಗೆರೆ ಎಳೆದಳು.

ಆ ಖುಷಿಯಲ್ಲಿ ಬಿಂಕವೂ ಸ್ವಲ್ಪ ಸಡಿಲವಾಯಿತು. "ಏಡಜ್ಜನ ಬಾಗಿಲಲ್ಲಿ ಏನಿದೆಯೋ, ಇವತ್ತು ನೋಡಿಯೇ ಬಿಡುತ್ತೇನೆ" ಎಂದು ಅತ್ತ ತೆವಳಿದಳು.

ಅಲ್ಲಿ ಏಡಜ್ಜ ಕಪ್ಪೆಯನ್ನು ಮಾತಾಡಿಸುತ್ತಿದ್ದ. "ಏನು ಕಪ್ಪಕ್ಕಾ, ಮಕ್ಕಳಿಗೆ ಕಾಲು ಮೂಡಿತಾ?"

"ಹಿಂಗಾಲು ಬಂತಜ್ಜ. ಮುಂಗಾಲೇ ಇನ್ನೂ ಇಲ್ಲ ನೋಡು."

"ಬರುತ್ತೆ ಬಿಡು. ಚಿಕ್ಕವನು ಪಾಚಿ ತಿನ್ನಲ್ಲ ಅಂತಿದ್ದೆಯಲ್ಲ, ಈಗ ತಿಂತಾನಾ?"

ನಾಜೂಕಿ ಕೊಂಬು ನಿಮಿರಿಸಿ ನೋಡಿದಳು. ಕಪ್ಪಕ್ಕನಿಗೆ ಮಕ್ಕಳಿದ್ದಾರೆಯೇ? ದಿನಾ ಎದುರಿಗೇ ಓಡಾಡುವವಳು! ಅಜ್ಜ ತನ್ನ ಮಾತು ಒಂದನ್ನೂ ಆಡಲಿಲ್ಲ. ಬಂದವರನ್ನು ಕೇಳುತ್ತಿದ್ದ, ಹೇಳಿದ್ದನ್ನು ನೆನಪಿಟ್ಟುಕೊಳ್ಳುತ್ತಿದ್ದ. ಕೆಸರುಂಡೆಯ ಕಡೆ ಯಾರೂ ನೋಡುತ್ತಲೇ ಇರಲಿಲ್ಲ.

ಅಜ್ಜ ಅವಳ ಕಡೆ ತಿರುಗಿದ. "ಬಾ ಮಗಳೇ. ಬಿಸಿಲಿಗೆ ಬಂಡೆ ಕಾಯುತ್ತಲ್ಲ, ಎಲ್ಲಿ ಮಲಗ್ತೀಯ?"

"ಕೇದಗೆ ಬೇರಿನಡಿ, ಅಜ್ಜಾ. ನಿನ್ನೆ ಕೆಂಬೂತಣ್ಣನೂ ಇದನ್ನೇ ಕೇಳಿದ. ಅವನಿಗೆಂದೇ ಬಾಗಿಲ ತನಕ ಗೆರೆ ಎಳೆದು ಬಂದಿದ್ದೇನೆ!"

ಕಪ್ಪಕ್ಕನ ಕಣ್ಣುಗಳು ಇನ್ನಷ್ಟು ಹೊರಬಂದವು. "ಅಯ್ಯೋ ಪೆದ್ದೀ! ಅವನ ಗೂಡಿನ ಕೆಳಗೆ ಖಾಲಿ ಚಿಪ್ಪಿನ ರಾಶಿ ಬಿದ್ದಿದೆ. ಬಸವನಹುಳು ಅಂದ್ರೆ ಅವನಿಗೆ ಪ್ರಾಣ! ಇಡೀ ಕೊಳಕ್ಕೇ ಗೊತ್ತಿರೋ ಮಾತು. ನೀನು ಯಾರನ್ನಾದ್ರೂ ಕೇಳಿದ್ದರಲ್ವಾ ಗೊತ್ತಾಗೋದು?"

ಅಷ್ಟರಲ್ಲಿ ಕೇದಗೆ ಪೊದೆಯಿಂದ "ಕೂಪ್! ಕೂಪ್!" ಎಂಬ ಕೂಗು. ಕೆಂಬೂತ ಬೇರಿನಡಿ ಹುಡುಕಿ, ಅಲ್ಲಿಂದ ಏಡಜ್ಜನ ಬಿಲದ ಕಡೆಗೆ ಹೊರಟ ಹಸಿ ಗೆರೆಯನ್ನು ನೋಡಿಬಿಟ್ಟಿತ್ತು!

"ಒಳಗೆ ನುಗ್ಗು!" ಅಜ್ಜ ಅವಳನ್ನು ಬಿಲದೊಳಗೆ ತಳ್ಳಿ, ತಾನೂ ಹಿಂದೆಯೇ ಒಳಗೆ ಸರಿದ. ಕಪ್ಪಕ್ಕ ಹಾರಿಹೋಗಿ ತನ್ನ ಒದ್ದೆ ಹೊಟ್ಟೆಯಿಂದ ಗೆರೆಯನ್ನು ತಿಕ್ಕತೊಡಗಿದಳು.

"ಅಯ್ಯೋ, ನನ್ನ ಬರಹ!" ಒಳಗಿನಿಂದ ನಾಜೂಕಿ ಕೂಗಿದಳು. ನೋಡಿ, ಜೀವ ಹೋಗುವಾಗಲೂ!

"ಬಾಯಿ ಮುಚ್ಚು!" ಎಂದ ಅಜ್ಜ.

ಕೆಂಬೂತ ಬಂತು. ಗೆರೆ ಅರ್ಧಕ್ಕೇ ಮಾಯ. ಕೆಂಪು ಕಣ್ಣು ಹೊರಳಿಸಿ, ಅನುಮಾನದಿಂದ ಬಿಲಕ್ಕೆ ಕೊಕ್ಕು ತೂರಿಸಿತು. ಏಡಜ್ಜ ಕಾದಿದ್ದವನಂತೆ ತನ್ನ ದೊಡ್ಡ ಕೊಂಡಿಯಿಂದ ಆ ಕೊಕ್ಕನ್ನು ಕಚ್ಚಿ ಹಿಡಿದ. ಕೆಂಬೂತ ಒದ್ದಾಡಿತು, ರೆಕ್ಕೆ ಬಡಿಯಿತು, ಹೇಗೋ ಬಿಡಿಸಿಕೊಂಡು ಬಿದ್ದೆನೋ ಕೆಟ್ಟೆನೋ ಎಂದು ಹಾರಿಹೋಯಿತು.

ನಾಜೂಕಿ ಹೊರಬಂದಳು. ಕಪ್ಪಕ್ಕನ ಹೊಟ್ಟೆಯೆಲ್ಲ ಕೆಸರು, ಮುಳ್ಳು ತರಚಿದ ಗಾಯ. ನಾಜೂಕಿಗೆ ನಾಚಿಕೆಯಾಯಿತು, ಅಳುವೂ ಬಂತು. "ಅಕ್ಕಾ, ನಾನು ನಿನ್ನನ್ನು ಒಂದು ದಿನವೂ ಮಾತಾಡಿಸಿದವಳಲ್ಲ" ಎಂದಳು.

"ಇವತ್ತು ಬಂದೆಯಲ್ಲ, ಸಾಕು" ಎಂದಳು ಕಪ್ಪಕ್ಕ.

ಮರುದಿನ ಬಂಡೆಯ ಮೇಲೆ ಹೊಸ ಬರಹ ಹೊಳೆಯುತ್ತಿತ್ತು: "ಕಪ್ಪಕ್ಕನ ಮಕ್ಕಳಿಗೆ ಹಿಂಗಾಲು ಬಂದಿದೆ. ಚಿಕ್ಕವನು ಪಾಚಿ ತಿನ್ನುತ್ತಾನೋ ಇಲ್ಲವೋ, ತಿಳಿದವರು ಹೇಳಿ."

ಕಪ್ಪಕ್ಕ ಓದಿದಳು, ಇನ್ನೊಮ್ಮೆ ಓದಿದಳು. ಆಮೇಲೆ ಎಲ್ಲರನ್ನೂ ಕೂಗಿ ಕರೆದಳು. ಬಂಡೆಯ ಸುತ್ತ ಜಾಗ ಸಾಲದಾಯಿತು. "ಅವನು ತಿಂತಾನಮ್ಮ, ನೀನೇ ಬಂದು ನೋಡು" ಎಂದಳು ಕಪ್ಪಕ್ಕ.

ನಾಜೂಕಿ ಕೂಡಲೇ ಹೊರಟಳು. ನಾಲ್ಕೇ ಮಾರು ದೂರ. ಆದರೂ ತಲುಪುವಾಗ ಸಂಜೆಯಾಯಿತು, ಏಕೆಂದರೆ ದಾರಿಯುದ್ದಕ್ಕೂ ಯಾರಾದರೊಬ್ಬರು ನಿಲ್ಲಿಸಿ ಮಾತಾಡಿಸುತ್ತಲೇ ಇದ್ದರು.

ನೀತಿ: ನಮ್ಮ ಮಾತಿಗೆ ನಾಲ್ಕು ಜನ ಕಿವಿಗೊಡಬೇಕಾದರೆ ಮೊದಲು ನಾವು ಅವರ ಮಾತಿಗೆ ಕಿವಿಗೊಡಬೇಕು, ಹೊಗಳಿದವರೆಲ್ಲ ನೆಂಟರಲ್ಲ.