ಓತಿಕ್ಯಾತ ಕಲಿಸಿದ ಹುಲಿ-ಕುರಿ ಆಟ

ಹನುಮಂತದೇವರ ಗುಡಿಯ ಜಗಲಿಕಲ್ಲಿನ ಮೇಲೆ ಯಾರೋ ಪುಣ್ಯಾತ್ಮರು ಹುಲಿ-ಕುರಿ ಆಟದ ಮನೆ ಕೊರೆದಿದ್ದರು. ಆ ಆಟಕ್ಕೆ ಮುದಿ ಓತಿಕ್ಯಾತನೇ ದೊಡ್ಡ ಪಂಡಿತ. ಜೊತೆಗಾರ ಆಮೆ ತೀರಿಕೊಂಡ ಮೇಲೆ ಅವನೊಡನೆ ಆಡುವವರೇ ಇರಲಿಲ್ಲ. ಆ ಕೊರಗು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಒಂದು ದಿನ ಅಳಿಲು ಬಂದು, "ರಾಯರೇ, ನನಗೂ ಈ ಆಟ ಕಲಿಸಿಕೊಡಿ" ಎಂದಿತು.

ಓತಿಕ್ಯಾತನ ಎದೆ ಹಿಗ್ಗಿತು. ಹುಲಿಗಳೆಂದು ಮೂರು ಕಲ್ಲು, ಕುರಿಗಳೆಂದು ಹದಿನೈದು ಕಡಲೆಬೀಜ ತಂದಿಟ್ಟ. ಆದರೆ ಹಿಗ್ಗು ತೋರಿಸಿಕೊಂಡರೆ ಪಾಂಡಿತ್ಯಕ್ಕೆ ಕುಂದಲ್ಲವೇ? ಗಂಟಲು ಸರಿಮಾಡಿಕೊಂಡು, "ಹುಲಿ ಹಾರಿ ಕುರಿಯನ್ನು ತಿನ್ನಬೇಕು. ಕುರಿಗಳು ಸುತ್ತುವರಿದು ಹುಲಿಯನ್ನು ಕಟ್ಟಿಹಾಕಬೇಕು" ಎಂದ.

"ತಿಳಿಯಿತು. ಒಂದು ಆಟ ಆಡಿಬಿಡೋಣವೇ?"

"ತಿಳಿಯಿತಂತೆ! ಇನ್ನೂ ನಲವತ್ತು ನಿಯಮಗಳಿವೆ. ಕುಳಿತು ಕೇಳು" ಎಂದು ಓತಿಕ್ಯಾತ ಕಣ್ಣು ಮುಚ್ಚಿ, ತಲೆಯಾಡಿಸುತ್ತ ಒಪ್ಪಿಸತೊಡಗಿದ.

ಇಪ್ಪತ್ತೇಳನೆಯ ನಿಯಮಕ್ಕೆ ಕಣ್ಣು ಬಿಟ್ಟರೆ ಆಟದ ಮನೆಯಲ್ಲಿ ಮೂರು ಕಲ್ಲುಗಳಷ್ಟೇ ಇದ್ದವು.

"ಕುರಿಗಳೆಲ್ಲಿ?"

"ತಿಂದುಬಿಟ್ಟೆ ಸ್ವಾಮಿ. ನಿಮ್ಮ ಹುಲಿಗಳಿಗೆ ಹಸಿವಿದ್ದಂತೆ ಕಾಣಲಿಲ್ಲ" ಎಂದು ಅಳಿಲು ಬಾಯೊರೆಸಿಕೊಂಡು ಮರ ಹತ್ತಿತು.

ಓತಿಕ್ಯಾತ ಬರಿಗಲ್ಲಿನ ಕಡೆ ತಲೆಯಾಡಿಸಿ, ಇಪ್ಪತ್ತೆಂಟನೆಯ ನಿಯಮವನ್ನು ಶುರುಮಾಡಿದ.